ಚಿತ್ರಮಂಟಪದ ಹೊಸ್ತಿಲು

ಭಟ್ಟರು ದೇವಸ್ಥಾನದ ಚಿತ್ರಮಂಟಪಕ್ಕೆ ಬೀಗ ಹಾಕುತ್ತಿದ್ದಾಗ ಸರಳಮ್ಮ ಗೋಧಿಹಿಟ್ಟಿನ ಬಟ್ಟಲು ಹಿಡಿದು ಮೆಟ್ಟಿಲು ಹತ್ತುತ್ತಿದ್ದರು.

“ಭಾನುವಾರ ಅಲ್ವಾ ಭಟ್ಟರೇ? ಗುರುರಾಯರು ಗೋಡೆ ಒರೆಸೋಕೆ ಬರ್ತಾರೆ.”

“ಇನ್ನು ಬರಲ್ಲಮ್ಮ. ರಾತ್ರಿ ನಿದ್ದೇಲೇ ಹೋಗಿಬಿಟ್ಟಿದಾರೆ. ಹಾಲಿನ ಭಯ್ಯಾ ಬಾಗಿಲು ಬಡಿದೂ ಬಡಿದೂ ಸಾಕಾಗಿ ನಮ್ಮನ್ನ ಕರೆದ. ಶವ ಬೀದಿ ದಾಟೋವರೆಗೆ ದೇವಸ್ಥಾನ ತೆಗೆಯೋ ಹಾಗಿಲ್ಲ.”

ಸರಳಮ್ಮ ಬಟ್ಟಲನ್ನು ಹೊಸ್ತಿಲ ಪಕ್ಕದಲ್ಲಿಟ್ಟು ಅಲ್ಲೇ ಕುಳಿತರು. ಹಿಟ್ಟು ನಾದಿ ಇನ್ನೂ ಅರ್ಧ ಗಂಟೆಯಾಗಿರಲಿಲ್ಲ.

ಎದುರು ಮನೆಯ ಮಹಡಿಯ ಮೇಲಿನ ಬರ್ಸಾತಿ ಎಂಬ ಒಂಟಿ ಕೋಣೆಯಲ್ಲಿ ಗುರುರಾಯರು ಹನ್ನೊಂದು ವರ್ಷ ಒಬ್ಬರೇ ಇದ್ದರು. ಈಗ ಅದರ ಕೆಳಗೆ ದೆಹಲಿಯ ಪೀತಮ್‌ಪುರದ ಕನ್ನಡಿಗರು ಏಳೆಂಟು ಜನ ಸೇರಿದ್ದರು. ದೇವಸ್ಥಾನದ ಕಾರ್ಯದರ್ಶಿ ಈಶ್ವರಪ್ಪ ಕೇಂದ್ರ ಸರ್ಕಾರದಲ್ಲಿ ಸೆಕ್ಷನ್ ಆಫೀಸರ್ ಆಗಿದ್ದವರು. ಸಾವು ಕೂಡ ಅವರ ಸಹಿಯಾದ ಮೇಲೆಯೇ ಮುಂದಕ್ಕೆ ಹೋಗಬೇಕು.

“ರಾಯರ ಡೈರೀಲಿ ನಾಲ್ಕೇ ನಂಬರ್ ಇದೆ ಕಣ್ರೀ. ಪ್ರೆಸ್ಸು, ಗ್ಯಾಸು, ಡಾಕ್ಟರು, ನಮ್ಮ ದೇವಸ್ಥಾನ. ಇವರವರು ಅಂತ ಯಾರೂ ಇಲ್ವಾ?”

ಹೊಸ್ತಿಲ ಬಳಿಯೇ ಕುಳಿತಿದ್ದ ಸರಳಮ್ಮ ಬರ್ಸಾತಿಯ ಕಿಟಕಿಯತ್ತ ನೋಡಿದರು. ಗುಡಗಾಂವಿನ ಆಫೀಸಿಗೆ ಹೋಗುವ ಕಾರ್ತಿಕ್, “ಅಂಕಲ್, ಮೈ ಕರ್ ದೂಂಗಾ. ಬೆಂಕಿ ನಾನೇ ಇಡ್ತೀನಿ,” ಎಂದ.

“ಚಲೋ, ಅದೊಂದು ಆಯ್ತು,” ಎಂದು ಈಶ್ವರಪ್ಪ ನಿಟ್ಟುಸಿರು ಬಿಟ್ಟರು.

*

ಗುರುರಾಯರದು ಓಖ್ಲಾದ ಛಾಪಖಾನೆಯಲ್ಲಿ ಕುಂಚದ ಕೆಲಸ. ಫೋಟೋಗಳಲ್ಲಿನ ಕಲೆ, ಸುಕ್ಕು ಅಳಿಸುವುದು. ಕಂಪ್ಯೂಟರ್ ಬಂದು ಆ ಕೆಲಸ ಹೋದ ಮೇಲೆ ಪ್ರತಿ ಭಾನುವಾರ ಮಂಟಪದ ರಾಮಾಯಣದ ಚಿತ್ರಗಳಿಗೆ ಹಿಡಿದ ದೀಪದ ಮಸಿ ತೆಗೆಯುತ್ತಿದ್ದರು. ಅದಕ್ಕೆ ನಾದಿದ ಹಿಟ್ಟೇ ಆಗಬೇಕು. ಪ್ರಸಾದದ ಅಡುಗೆ ಮಾಡುತ್ತಿದ್ದ ವಿಧವೆ ಸರಳಮ್ಮ ನಾದಿ ಕೊಡುತ್ತಿದ್ದರು. ಗುರುರಾಯರು ಅದನ್ನು ಗೋಡೆಯ ಮೇಲೆ ಮೆಲ್ಲಗೆ ಉರುಳಿಸಿದರೆ ಹಿಟ್ಟು ಕಪ್ಪಾಗಿ, ರಾಮನ ಮುಖ ಬೆಳಗುತ್ತಿತ್ತು.

ನಾಲ್ಕು ವರ್ಷದ ಹಿಂದೆ, ಎರಡು ಸಾವಿರದ ಮೂರರ ಮಳೆಗೆ, ಗೋಡೆ ಒಸರಿ ಶಬರಿಯ ಕೈ ಉದುರಿತು.

“ನಿಮ್ಮ ಕೈ ಸ್ವಲ್ಪ ಹೀಗೆ ಚಾಚ್ತೀರಾ?” ಎಂದು ಗುರುರಾಯರು ಕೇಳಿದರು.

ಸರಳಮ್ಮ ಹಣ್ಣಿನ ಬದಲು ಒಂದು ನಿಂಬೆಕಾಯಿ ಹಿಡಿದು ಮಧ್ಯಾಹ್ನವಿಡೀ ಕೈ ಚಾಚಿ ನಿಂತರು. ಬರೆದು ಮುಗಿದಾಗ ನೋಡಿದರೆ, ಮಣಿಕಟ್ಟಿನ ಮೇಲಿನ ಸುಟ್ಟ ಕಲೆಯೂ ಶಬರಿಗೆ ಬಂದಿತ್ತು.

“ಅಯ್ಯೋ, ಇದನ್ಯಾಕೆ ಬರೆದ್ರಿ?”

“ಮೂವತ್ತು ವರ್ಷ ಜನರ ಕಲೆ ಅಳಿಸಿದೀನಿ. ಇದೊಂದು ಇರ್ಲಿ.”

ಅಂದು ಸರಳಮ್ಮನಿಗೆ ಆದ ಸಂತೋಷ ಮದುವೆಯ ದಿನವೂ ಆಗಿರಲಿಲ್ಲ. ಆಮೇಲೆ ಇಬ್ಬರೂ ಹಿಟ್ಟು, ಮಸಿ, ಮಳೆ ಬಿಟ್ಟು ಬೇರೆ ಮಾತಾಡಲಿಲ್ಲ. ಆಡಬಹುದಿತ್ತು. ನಾಲ್ಕು ವರ್ಷ ಸಮಯವಿತ್ತು.

*

ಗಂಡಸರು ಯಮುನೆಯ ದಡದಿಂದ ಮರಳಿ ಸ್ನಾನ ಮುಗಿಸುವಷ್ಟರಲ್ಲಿ ಸಂಜೆಯಾಯಿತು. ದೇವಸ್ಥಾನ ತೊಳೆದು ಬಾಗಿಲು ತೆಗೆದರು.

ಕಾರ್ತಿಕ್ ಮೆಟ್ಟಿಲ ಮೇಲೆ ಅನುಮಾನದಿಂದ ನಿಂತ. “ಭಟ್ಟರೇ, ನನಗೆ ಸೂತಕ ಇದೆಯಾ? ಒಳಗೆ ಬರಬಾರದಾ?”

“ಸೂತಕ ರಕ್ತಸಂಬಂಧಕ್ಕೆ, ಕೈಹಿಡಿದವರಿಗೆ. ನೀನು ಅನಾಥಪ್ರೇತಕ್ಕೆ ಸಂಸ್ಕಾರ ಮಾಡಿದೀಯ, ಪುಣ್ಯದ ಕೆಲಸ. ಸ್ನಾನ ಆದ್ರೆ ಮುಗೀತು. ಆ ಮನುಷ್ಯನಿಗೆ ಸೂತಕ ಹಿಡಿಯೋರು ಯಾರೂ ಇಲ್ಲ.”

ಎಲ್ಲರೂ ಒಳಗೆ ಹೋದರು. ಸರಳಮ್ಮ ತಲೆಗೆ ನೀರು ಹಾಕಿಕೊಂಡು ಒದ್ದೆ ಕೂದಲಲ್ಲೇ ಬಂದವರು ಹೊಸ್ತಿಲ ಹೊರಗೆ ನಿಂತರು.

“ಬನ್ನಿ ಸರಳಮ್ಮ, ಆರತಿಗೆ ಹೊತ್ತಾಯ್ತು.”

“ಹತ್ತು ದಿನ ನಾನು ಒಳಗೆ ಬರೋ ಹಾಗಿಲ್ಲ ಭಟ್ಟರೇ.”

“ಯಾಕಮ್ಮ? ನಿಮ್ಮ ಪೈಕಿ ಯಾರು ಹೋದ್ರು?”

“ಗುರುರಾಯರು.”

ಗಂಟೆಗೆ ಕೈ ಎತ್ತಿದ್ದ ಈಶ್ವರಪ್ಪ ಹಾಗೇ ನಿಂತರು. ಅವರ ಹೆಂಡತಿ ಪದ್ಮಾ ಪಕ್ಕದವಳ ಮುಖ ನೋಡಿದರು. ನಾಳೆ ಪೀತಮ್‌ಪುರದಲ್ಲಿ ಏನೇನು ಮಾತು ಹುಟ್ಟುತ್ತದೆಂದು ಸರಳಮ್ಮನಿಗೆ ಗೊತ್ತಿತ್ತು. ಭಟ್ಟರು ಒಂದು ಗಳಿಗೆ ಅವರನ್ನೇ ನೋಡಿ, ಕರ್ಪೂರ ಹಚ್ಚಿದರು.

ಹೊರಗಿನಿಂದ ದೇವರು ಕಾಣುತ್ತಿರಲಿಲ್ಲ. ಕಂಬದ ಮರೆಯಿಂದ ಶಬರಿಯ ಚಾಚಿದ ಕೈಯಷ್ಟೇ ಕಾಣುತ್ತಿತ್ತು. ಆರತಿಯ ಹೊಗೆ ಅದರತ್ತ ಏಳುತ್ತಿತ್ತು. ಸರಳಮ್ಮ ಹೊಸ್ತಿಲ ಪಕ್ಕ ಕುಳಿತು, ಬೆಳಗಿನಿಂದ ಒಣಗಿ ಬಿರುಕುಬಿಟ್ಟ ಹಿಟ್ಟಿಗೆ ನೀರು ಚಿಮುಕಿಸಿ ಮತ್ತೆ ನಾದತೊಡಗಿದರು.