ಮೇಡಂ ಬರೆದ ಎರಡು ಸಾಲು

ಗಣಿತದ ಮೇಡಂ ಪ್ರಪಂಚವನ್ನು ಎರಡೇ ಪಾಲು ಮಾಡಿದ್ದರು: ಓದುವವರು, ಓದಲಾರದೆ ಕಸುಬಿನ ಶಾಲೆಗೆ ಹೋಗುವವರು. ಎರಡನೆಯವರ ಮಾತೆತ್ತಿದರೆ ಸಾಕು, ಮೂಗು ಮುರಿಯುತ್ತಿದ್ದರು. ಕಸುಬಿನ ಶಾಲೆಗೆ ಅರ್ಜಿ ಹಾಕುವ ಮಕ್ಕಳು ಹೈಸ್ಕೂಲಿನಿಂದ ಒಂದು ಪತ್ರ ಒಯ್ಯಬೇಕು. ಅದನ್ನು ಬರೆದುಕೊಡುವ ಕೆಲಸ ಇಪ್ಪತ್ತು ವರ್ಷದಿಂದ ಮೇಡಂ ಪಾಲಿಗೇ ಬಿದ್ದಿತ್ತು. ಎದುರಿಗೆ ನಿಂತದ್ದು ಯಾರು ಎಂದು ತಲೆ ಎತ್ತಿ ನೋಡುವ ವ್ಯವಧಾನ ಅವರಿಗೆಲ್ಲಿ? ಎಲ್ಲರಿಗೂ ಅವೇ ಎರಡು ಸಾಲು: ‘ಬುದ್ಧಿ ಮಂದ. ಕೈಕೆಲಸಕ್ಕೆ ಅಡ್ಡಿಯಿಲ್ಲ.’ ಅದನ್ನು ಸ್ಟಾಫ್ ರೂಮಿನಲ್ಲಿ ರಾಗವಾಗಿ ಓದಿ ನಗಿಸುವುದೂ ಇತ್ತು. ನಗುವವರಿಗೇನು ಹೋಗಬೇಕು, ಮಕ್ಕಳು ಅವರದಲ್ಲವಲ್ಲ.

ಇಂಥ ಮೇಡಂ ಮನೆಯಲ್ಲೇ, ಇಡೀ ಶಾಲೆಗೇ ಮೊದಲ ಸ್ಥಾನ ಪಡೆದ ಒಬ್ಬಳೇ ಮಗಳು ಊಟದ ನಡುವೆ ಬಾಯಿಬಿಟ್ಟಳು.

“ಅಮ್ಮಾ, ನಾನು ಫಿಟ್ಟರ್ ಕೋರ್ಸಿಗೆ ಸೇರ್ತೀನಿ.”

“ಏನಂದೆ? ಮೈಗೆಲ್ಲ ಗ್ರೀಸ್ ಬಳ್ಕೊಂಡು ಬೋಲ್ಟು ತಿರುಗಿಸೋಕಾ ನಿನ್ನ ಓದಿಸಿದ್ದು? ನಾಲ್ಕು ಜನರ ಮುಂದೆ ನಾನು ಮುಖ ಎತ್ಕೊಂಡು ಓಡಾಡೋದು ಬೇಡ್ವಾ?”

“ಓಡಾಡಮ್ಮ, ಯಾರು ಬೇಡ ಅಂದ್ರು? ನನಗೆ ಯಂತ್ರ ಇಷ್ಟ, ಅಷ್ಟೇ.”

ಮೂರು ದಿನ ಮೇಡಂ ಮಗಳ ಜೊತೆ ಮಾತು ಬಿಟ್ಟರು. ಅಡುಗೆಮನೆಯ ಪಾತ್ರೆಗಳೇ ಅವರ ಪರವಾಗಿ ಕೂಗಾಡಿದವು. ನಾಲ್ಕನೆಯ ದಿನ ಒಂದು ಉಪಾಯ ಹೊಳೆಯಿತು. ಮಗಳ ಪತ್ರದಲ್ಲೂ ಅವೇ ಎರಡು ಸಾಲು ಬರೆದು, ಸಹಿ ಮಾಡಿ, ಲಕೋಟೆಯನ್ನು ಬೇಕೆಂದೇ ಅಂಟಿಸದೆ ಕೈಗಿಟ್ಟರು. ಓದಿದರೆ ನಾಚಿಕೊಂಡು ಅರ್ಜಿಯನ್ನೇ ಹರಿದುಹಾಕುತ್ತಾಳೆ ಎಂಬ ಲೆಕ್ಕ. ಮಗಳು ಓದಲೇ ಇಲ್ಲ. ಅಮ್ಮ ಬರೆದದ್ದಲ್ಲವೇ ಎಂದು ನಂಬಿ, ಹಾಗೇ ಗೋಂದು ಹಚ್ಚಿ ಅರ್ಜಿಯ ಜೊತೆ ಕೊಟ್ಟು ಬಂದಳು.

ಕಸುಬಿನ ಶಾಲೆಯ ಪ್ರವೇಶ ಪರೀಕ್ಷೆಯ ದಿನ ಮೇಡಂ ಜೊತೆಗೇ ಹೋದರು. ಮಗಳು ಸೋತು ಬಂದರೆ ಕೈಹಿಡಿದು ನೇರ ಕಾಲೇಜಿಗೇ ಕರೆದೊಯ್ಯುವ ಆಸೆ. ಉದ್ದನೆಯ ಶೆಡ್ಡು, ಕಬ್ಬಿಣದ ವಾಸನೆ. ಒಂದೇ ಸೀಟು ಉಳಿದಿತ್ತು, ಅದಕ್ಕೆ ಐವರು. ಫಿಟ್ಟರ್ ಮೇಷ್ಟ್ರು ಐವರಿಗೂ ಒಂದೊಂದು ಕಬ್ಬಿಣದ ತುಂಡು, ಅದನ್ನು ಉಜ್ಜಲು ಒಂದೊಂದು ಅರ ಕೊಟ್ಟು, “ಮೇಲ್ಮೈ ಸಪಾಟಾಗ್ಬೇಕು. ಎರಡು ಗಂಟೆ ಟೈಮು” ಎಂದರು. ಮೇಡಂ ಕರವಸ್ತ್ರದಿಂದ ಬೆಂಚು ಒರೆಸಿ, ತುದಿಯಲ್ಲಿ ಕೂತರು.

ಒಂದು ಗಂಟೆ ಕಳೆದಿತ್ತು. ಮೇಷ್ಟ್ರು ಮಗಳ ತುಂಡಿನ ಮೇಲೆ ಉಕ್ಕಿನ ಪಟ್ಟಿ ನಿಲ್ಲಿಸಿ ಕಿಟಕಿಗೆ ಹಿಡಿದರು. ಸಂದಿಯಲ್ಲಿ ಬೆಳಕು ತೂರಿತು, ಮೇಲ್ಮೈ ಇನ್ನೂ ಸಪಾಟಾಗಿರಲಿಲ್ಲ.

“ಏನಮ್ಮಾ ಇದು? ಗುಜರಿಯವನೂ ಮೂಸಿ ನೋಡಲ್ಲ. ತಲೆ ಎಲ್ಲಿಟ್ಕೊಂಡು ಉಜ್ಜಿದೆ?”

ಮೇಡಂ ಬಯಸಿದ್ದೇ ಇದು. ಆದರೆ ಕಿವಿಗೆ ಬಿದ್ದದ್ದೇ ತಡ, ಮೈಯೆಲ್ಲ ಉರಿದುಹೋಯಿತು. ಎದ್ದು ಬಂದು ಗದರಿದರು: “ರೀ ಮೇಷ್ಟ್ರೇ, ಬಾಯಿ ಹಿಡಿತದಲ್ಲಿರ್ಲಿ! ಅವಳು ಇಡೀ ಶಾಲೆಗೆ ಫಸ್ಟು. ನಿಮ್ಮಲ್ಲಿಗೆ ಬರೋ ದಡ್ಡರ ಹಾಗೆ ಅಂದ್ಕೊಂಡ್ರಾ?”

ಮೇಷ್ಟ್ರು ಅರ್ಜಿಯ ಜೊತೆಗಿದ್ದ ಲಕೋಟೆ ಹರಿದು, ಪತ್ರವನ್ನು ಗಟ್ಟಿಯಾಗಿ ಓದಿದರು. “ಬುದ್ಧಿ ಮಂದ ಅಂತಿದೆಯಲ್ಲ ಮೇಡಂ. ಸಹಿ ನಿಮ್ದೇ ತಾನೆ?”

ಉಳಿದ ನಾಲ್ಕು ಅರಗಳೂ ನಿಂತವು. ಆ ನಾಲ್ವರೂ ಮೇಡಂ ಶಾಲೆಯವರೇ; “ನಮ್ಗೂ ಇದನ್ನೇ ಬರ್ದಿದ್ದು” ಎಂದ ಒಬ್ಬ. ಮಗಳು ಅಮ್ಮನ ಮುಖವನ್ನೊಮ್ಮೆ ನೋಡಿದಳು. ತುಂಡನ್ನು ಮತ್ತೆ ಇಕ್ಕಳದಂಥ ವೈಸಿನಲ್ಲಿ ಬಿಗಿದು ಉಜ್ಜತೊಡಗಿದಳು. ಮೇಡಂಗೆ ಕೂರಲೂ ಆಗಲಿಲ್ಲ, ಹೊರಗೆ ಹೋಗಲೂ ಆಗಲಿಲ್ಲ. ಇಪ್ಪತ್ತು ವರ್ಷದಲ್ಲಿ ಮೊದಲ ಸಲ ಅವರು ಒಬ್ಬ ಹುಡುಗಿಯ ಕೈಗಳನ್ನು ನೋಡುತ್ತ ನಿಂತರು.

ಎರಡು ಗಂಟೆ ಮುಗಿಯಿತು. ಐದರಲ್ಲಿ ಬೆಳಕು ತೂರದ ತುಂಡು ಒಂದೇ, ಅದು ಮಗಳದು. ಮೇಷ್ಟ್ರು ಅವಳ ಅರ್ಜಿಯ ಮೇಲೆ ‘ಸೀಟು ಕೊಟ್ಟಿದೆ’ ಎಂದು ಬರೆದು, ಪತ್ರವನ್ನೂ ಜೊತೆಗಿಟ್ಟು ಫೈಲು ತೆಗೆದರು.

“ಅದನ್ನ ಹರಿದುಹಾಕಿ ಮೇಷ್ಟ್ರೇ,” ಮೇಡಂ ಪೆನ್ನು ತೆಗೆದರು. “ಈಗಲೇ ಬೇರೆ ಬರ್ಕೊಡ್ತೀನಿ. ಒಳ್ಳೇದು ಬರ್ಕೊಡ್ತೀನಿ.”

ಮೇಷ್ಟ್ರು ಬಿಳಿ ಹಾಳೆ ಮುಂದಕ್ಕೆ ತಳ್ಳಿದರು. ಮಗಳು ಕೈಯೊರೆಸಿಕೊಳ್ಳುತ್ತ ಅಡ್ಡ ಬಂದಳು.

“ಬೇಡ ಸರ್, ಹಳೇದೇ ಇರ್ಲಿ. ಎಲ್ರ ಮಕ್ಕಳಿಗೂ ಅದನ್ನೇ ಬರ್ದಿದ್ದಾರೆ. ನನಗೊಬ್ಬಳಿಗೆ ಯಾಕೆ ಬೇರೆ?”

ಮೇಷ್ಟ್ರು ಪತ್ರವನ್ನು ಫೈಲಿಗೆ ಸೇರಿಸಿದರು.