ನೀರುಗಂಟಿ ಕಂಡ ಕಡಲು

ಬೆಳಗಿನ ಕಾಫಿಗೂ ಮೊದಲು ಮುನಿಯಣ್ಣ ಯಲಹಂಕದ ಕೆರೆ ಏರಿಗೆ ಹೋಗಿ, ಚಪ್ಪಲಿ ಬಿಟ್ಟು, ತೂಬಿನ ಕಲ್ಲಿನಲ್ಲಿ ನೀರು ಎಲ್ಲಿಯವರೆಗೆ ನಿಂತಿದೆಯೆಂದು ನೋಡಿ ಬರುತ್ತಾರೆ. ತೂಬೆತ್ತಿ ಗದ್ದೆಗಳಿಗೆ ಸರದಿಯಂತೆ ನೀರು ಬಿಡುವ ನೀರುಗಂಟಿಯ ಮನೆತನ ಅವರದು. ಗದ್ದೆಗಳಿದ್ದಲ್ಲಿ ಬಡಾವಣೆಗಳೆದ್ದು, ಆ ಅಳತೆಯನ್ನು ಕೇಳುವವರೇ ಇಲ್ಲವಾಗಿದ್ದರೂ, ದೇವಸ್ಥಾನಕ್ಕೆ ಹೊರಟ ನನ್ನನ್ನು ಕಂಡರೆ ಎಡಗಾಲು ಎಳೆಯುವ ನಡಿಗೆಯನ್ನು ನಿಲ್ಲಿಸಿ, "ನಾಕು ಬೆಳ್ಳು ಇಳ್ದದೆ ಕಣಮ್ಮ" ಎಂದು ಒಪ್ಪಿಸಿಯೇ ಮುಂದೆ ಹೋಗುವರು.

ಸರದಿ ತಪ್ಪಿಸಿ ಯಾರಿಗೂ ನೀರು ಬಿಟ್ಟವರಲ್ಲ. "ನಮ್ ತಮ್ಮನ್ ಪೈರು ಒಣಗ್ಸಿದ ಧರ್ಮರಾಯ" ಎಂದು ಹೆಂಡತಿ ಗೋಪಾಲಮ್ಮ ಇಂದಿಗೂ ಹಂಗಿಸುತ್ತಾರೆ. ಮುನಿಯಣ್ಣ ನಗುತ್ತಾರೆ, ಅಷ್ಟೆ.

ಅವರಿಗಿದ್ದುದು ಒಂದೇ ಆಸೆ. ಏರಿಯಷ್ಟು ಉದ್ದದ ಪ್ರಾಣಿಯೊಂದು ಕಡಲಲ್ಲಿದ್ದೂ ಉಸಿರಿಗಾಗಿ ಮೇಲೆ ಬರುತ್ತದೆಂದು ಮೊಮ್ಮಗಳು ಧನುಶ್ರೀ ಓದಿ ಹೇಳಿದಂದಿನಿಂದ, ತಿಮಿಂಗಿಲವನ್ನು ಒಮ್ಮೆ ನೋಡಬೇಕೆಂಬ ಆಸೆ. ಬಲಗಣ್ಣು ಆಗಲೇ ಹೋಗಿತ್ತು. ಎಡಗಣ್ಣಿಗೂ ಡಾಕ್ಟರು ಒಂದು ವರ್ಷದ ಗಡುವು ಕೊಟ್ಟಿದ್ದರು. ಹಾಗಾಗಿ ನಮ್ಮ ಭಜನಾ ಮಂಡಳಿಯ ದಕ್ಷಿಣ ಯಾತ್ರೆಗೆ ಮೂವರೂ ಬಂದರು. ಯಾತ್ರೆ ಮುಗಿಸಿ, ತೀರದಾಚೆ ಕಡಲಜೀವಿಗಳಿಗೆಂದೇ ಕಾದಿರಿಸಿದ ಕಡಲ ಉದ್ಯಾನಕ್ಕೆ ದೋಣಿಯಲ್ಲಿ ಹೊರಟೆವು.

ನವಿಲಿನ ಕೊರಳ ಬಣ್ಣದ ಆ ನೀರಿನ ನಡುವೆ ಎರಡು ಗಂಟೆ ಕಾದೆವು. ನಾವೆಲ್ಲ ದಿಗಂತವನ್ನು ಹುಡುಕುತ್ತಿದ್ದರೆ, ಮುನಿಯಣ್ಣ ದೋಣಿಯಲ್ಲೇ, ನೀರಿನ ಇಳಿತವು ಪಕ್ಕದ ಬಂಡೆಯ ಮೇಲೆ ಬಿಟ್ಟುಹೋದ ಉಪ್ಪಿನ ಗೆರೆಯನ್ನು ಒಂಟಿಗಣ್ಣಿನಿಂದ ಅಳೆಯುತ್ತ ಕುಳಿತಿದ್ದರು. ಆಗ ಅವರ ಬೆನ್ನ ಹಿಂದೆ, ಕುಲುಮೆಯ ತಿದಿ ಒತ್ತಿದಂಥ ಸದ್ದಿನೊಡನೆ ಕಪ್ಪು ಬೆನ್ನೊಂದು ಎದ್ದು, ಹೊಳೆದು, ಮುಳುಗಿತು.

"ತಾತ, ಈ ಕಡೆ ನೋಡು ತಾತ!"

ತಿರುಗುವಷ್ಟರಲ್ಲಿ ಬರಿಯ ನೊರೆ.

"ಇಲ್ಲೂ ಅಳ್ತೆನಾ? ಸಮುದ್ರುಕ್ಕೆ ಯಾವ್ ತೂಬೈತೆ ಅಂತ?" ಎಂದ ಗೋಪಾಲಮ್ಮನ ದನಿ ಕೊನೆಯಲ್ಲಿ ಒಡೆಯಿತು.

ಕಣ್ಣಿನ ಸಂಗತಿ ತಿಳಿದ ದೋಣಿಯವನು, ತಿಮಿಂಗಿಲದ ಹತ್ತಿರ ಹೋಗಬಾರದೆಂಬ ನಿಯಮ ಮೀರಿಯಾದರೂ ಈ ಹಿರಿಯರಿಗಾಗಿ ಅದರ ಬೆನ್ನಟ್ಟಿ ತೀರ ಹತ್ತಿರ ಒಯ್ಯುವೆನೆಂದು ಎಂಜಿನ್ನಿಗೆ ಕೈ ಹಾಕಿದ. ಮುನಿಯಣ್ಣ ಒಪ್ಪಿಬಿಡಲೆಂದು ನಾನೂ ಮನಸ್ಸಿನಲ್ಲೇ ಹರಕೆ ಕಟ್ಟಿಕೊಂಡೆ. ಆದರೆ ಬದುಕಿಡೀ ಊರಿಗೆ ನೀರು ಹಂಚಿದವರು ಬಾಯಾರಿಕೆಯನ್ನು ಅರಿಯದವರಲ್ಲ. ತಮ್ಮ ಪಾಲಿಗಿಂತ ಒಂದು ಬೊಗಸೆ ಹೆಚ್ಚಿಗೆ ಕುಡಿಯಲು ಮಾತ್ರ ಅವರಿಗೆ ಬಾರದು.

ಮುನಿಯಣ್ಣ ಅವನ ಕೈಯನ್ನು ಮೆಲ್ಲಗೆ ಸರಿಸಿದರು.

"ಬ್ಯಾಡಪ್ಪ. ಅದು ಉಸ್ರು ತಗಳಕ್ಕೆ ಬಂದಿತ್ತು, ಓಗ್ಲಿ ಬಿಡು. ನನ್ ಸರ್ದಿ ಬಂದು ಓಯ್ತು."