ಲೇತಿಗೆ ಬಂದ ಅಪವಾದ

ಲೇತು ಕೆಟ್ಟಿದೆ ಅಂದದ್ದು ಸ್ವತಃ ಅಣ್ಣನೇ. ಬೇರೆ ಯಾರಾದರೂ ಹಾಗೆ ಅಂದಿದ್ದರೆ ಅವರು ಮತ್ತೆ ಆ ಶೆಡ್ಡಿನ ಹೊಸಿಲು ತುಳಿಯುವ ಹಾಗಿರಲಿಲ್ಲ. ಎರಕ ಹೊಯ್ದು ಬಂದ ಹಿತ್ತಾಳೆಯ ಬಾಗಿಲಹಿಡಿಗಳನ್ನು ಲೇತಿಗೆ ಕಚ್ಚಿಸಿ ತಿರುಗಿಸುವುದು, ಅಂಚಿನಲ್ಲಿ ಉಳಿದ ಮುಳ್ಳುಗಳನ್ನು ಅರ ಹಿಡಿದು ತೆಗೆಯುವುದು, ಆಮೇಲೆ ಉಪ್ಪುಕಾಗದ ಹಿಡಿದು ಹೊಳಪು ಕೊಡುವುದು ಅವನ ಕಸುಬು. ಅದರಲ್ಲಿ ಅವನನ್ನು ಮೀರಿಸುವವರು ಆ ಬೀದಿಯಲ್ಲಿ ಇರಲಿಲ್ಲ, ಅದು ಅವನಿಗೂ ಚೆನ್ನಾಗಿ ಗೊತ್ತಿತ್ತು. ಈಗ ಅಂಗಡಿಯವರು ಪೂರ್ತಿ ಒಂದು ಪೆಟ್ಟಿಗೆ ಹಿಡಿಗಳನ್ನು ವಾಪಸ್ ಕಳಿಸಿದ್ದರು. ಮೈಯೆಲ್ಲ ಗೆರೆ, ಅಂಚು ಕೈ ಕೊಯ್ಯುತ್ತದೆ, ಇನ್ನೊಂದು ಸಲ ಹೀಗಾದರೆ ಬೇರೆಯವರಿಗೆ ಕೊಡುತ್ತೇವೆ ಅಂತ ಹೇಳಿ ಕಳಿಸಿದ್ದರು.

"ಸ್ಪಿಂಡಲ್ ಅಲ್ಲಾಡ್ತಿದೆ ಕಣೋ. ಒಂದ್ಸಲ ಬಿಚ್ಚಿ ನೋಡು," ಅಂದ ಅಣ್ಣ.

ಅವನ ತಮ್ಮ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ವಾರವಿಡೀ ಯಂತ್ರ ಬಿಚ್ಚಿ ಜೋಡಿಸುವವನಿಗೆ ರಜೆಯ ದಿನವೂ ಯಂತ್ರ ಬಿಚ್ಚು ಅನ್ನುವುದೆಂದರೆ, ಬೆಳಗಿನಿಂದ ಪಾತ್ರೆ ತಿಕ್ಕಿದವಳ ಮುಂದೆ ಇನ್ನೊಂದು ರಾಶಿ ಪಾತ್ರೆ ಸುರಿದ ಹಾಗೆ. ಅವನಿಗೆ ಬೇಕಿದ್ದದ್ದು ನಿದ್ದೆ, ಬೇರೇನೂ ಅಲ್ಲ. ಆದರೆ ಅರ ಹಿಡಿಯುವುದನ್ನು ಅವನಿಗೆ ಕಲಿಸಿದ್ದೇ ಅಣ್ಣ. ಆಗುವುದಿಲ್ಲ ಅನ್ನಲು ಬಾಯಿ ಬರಲಿಲ್ಲ.

ಹೀಗೆ ರಜೆಗಳೆಲ್ಲ ಒಂದೊಂದಾಗಿ ಲೇತಿನ ಪಾಲಾದವು. ಅದರ ಮೈಮೇಲೆ ಎಣ್ಣೆ, ಧೂಳು, ಹಿತ್ತಾಳೆ ಪುಡಿ ಕೂಡಿ ಕಲ್ಲಾಗಿತ್ತು. ಸೀಮೆಎಣ್ಣೆಯಲ್ಲಿ ನೆನೆಸಿ, ಕೆರೆದು, ಒರೆಸುವಷ್ಟರಲ್ಲಿ ತಮ್ಮನ ಸೊಂಟ ಬಿದ್ದುಹೋಯಿತು. ಸವೆದ ಬೇರಿಂಗುಗಳನ್ನು ತೆಗೆದು ಹೊಸವನ್ನು ಕೂರಿಸಿದ. ಬಿರುಕುಬಿಟ್ಟ ಬೆಲ್ಟು ಬದಲಾಯಿಸಿದ. ಕುಂಟುತ್ತಿದ್ದ ಕಾಲಿನ ಕೆಳಗೆ ತಗಡು ಕೊಟ್ಟು ಮಟ್ಟ ಮಾಡಿದ. ಕೊನೆಗೆ ಸ್ಪಿಂಡಲಿನ, ಅಂದರೆ ತಿರುಗುವ ದಂಡದ, ಹಿಂದಿನ ನಟ್ಟನ್ನು ಹದ ನೋಡಿ ಬಿಗಿದ. ಲೇತನ್ನು ಹಿಡಿತದಲ್ಲಿ ಇಡುವುದು ಆ ನಟ್ಟೇ.

ಅತ್ತಿಗೆ ಚಹಾ ತಂದಿಟ್ಟು ಹೇಳಿದಳು. "ನೀವು ಬರೋದು ನೋಡ್ಕೊಂಡೇ ಕೂತಿರ್ತಾರೆ. ಈ ಲೇತು ಸರಿಹೋದ್ರೆ ನಿಮ್ಮಣ್ಣನೂ ಸರಿಹೋಗ್ತಾರೆ. ಸರಿಯಾಗಿ ಊಟ ಮಾಡಿ ಎಷ್ಟು ದಿನ ಆಯ್ತೋ."

ಲೇತು ಸರಿಹೋಯಿತು. ಅಲುಗಾಟ ಅಳೆಯುವ ಗೇಜು ಹಚ್ಚಿ ತಿರುಗಿಸಿ ನೋಡಿದರೆ ಅದರ ಮುಳ್ಳು ಕದಲಲಿಲ್ಲ. ಇಷ್ಟು ಒಳ್ಳೆಯ ಕೆಲಸ ತಾನು ಸಂಬಳಕ್ಕೂ ಮಾಡಿಲ್ಲ ಅನ್ನಿಸಿ ತಮ್ಮನಿಗೆ ಆ ಸುಸ್ತಿನಲ್ಲೂ ಹೆಮ್ಮೆಯಾಯಿತು.

ಅಣ್ಣ ಒಂದು ಹಿಡಿಯನ್ನು ಕಚ್ಚಿಸಿ, ಅರ ಹಿಡಿದು, ಉಪ್ಪುಕಾಗದ ಹಿಡಿದು, ಲೇತು ನಿಲ್ಲಿಸಿ, ಹತ್ತಿಯ ಉಂಡೆ ತೆಗೆದು ಅಂಚಿನ ಮೇಲೆ ಎಳೆದ. ಅವನ ಪರೀಕ್ಷೆ ಯಾವತ್ತೂ ಅದೇ. ಕಣ್ಣಿಗೆ ಕಾಣದ ಮುಳ್ಳಿದ್ದರೂ ಹತ್ತಿಯ ಎಳೆ ಸಿಕ್ಕಿಕೊಳ್ಳುತ್ತದೆ. ಈಗ ಅಂಚಿನುದ್ದಕ್ಕೂ ಎಳೆಗಳು ನೇತಾಡಿದವು. ಮೈಮೇಲೆ ಅವೇ ಗೆರೆಗಳು.

"ಇನ್ನೂ ಇದೆ ಕಣೋ ಅಲುಗಾಟ," ಅಂದು ಅಣ್ಣ ಮುಖ ಸಪ್ಪಗೆ ಮಾಡಿಕೊಂಡು ಕೈತೊಳೆಯಲು ಹೊರಗೆ ಹೋದ.

ತಮ್ಮನಿಗೆ ರೇಗಿತು. ಇಷ್ಟು ರಜೆ ಮಣ್ಣುಪಾಲು ಮಾಡಿಕೊಂಡಿದ್ದಕ್ಕೆ ಇದೇ ಫಲವೇ ಅಂದುಕೊಂಡು ತಾನೇ ಒಂದು ಹಿಡಿಯನ್ನು ಕಚ್ಚಿಸಿ ಅರ ಹಿಡಿದ. ಹತ್ತಿ ಎಳೆದ. ಉಂಡೆ ಒಂದೂ ಎಳೆ ಬಿಡದೆ ಜಾರಿಕೊಂಡು ಬಂತು.

ಅವನು ಬಾಗಿಲಾಚೆ ನೋಡಿದ. ಅಣ್ಣ ನಲ್ಲಿಯ ಕೆಳಗೆ ಕೈಯೊಡ್ಡಿ ನಿಂತಿದ್ದ. ನೀರು ಒಂದೇ ಸಮ ಬೀಳುತ್ತಿತ್ತು, ಕೈ ಮಾತ್ರ ಒಂದೇ ಸಮ ನಿಂತಿರಲಿಲ್ಲ. ಅದನ್ನು ತಮ್ಮ ಮೊದಲೂ ನೋಡಿದ್ದ. ದಿನವಿಡೀ ಲೇತು ಹಿಡಿದ ಕೈ, ಝುಮ್ಮೆನ್ನುತ್ತೆ ಅಂತ ಅಣ್ಣ ಹೇಳುತ್ತಿದ್ದ, ಇವನು ನಂಬುತ್ತಿದ್ದ. ಈವತ್ತು ಲೇತು ನಡುಗಿರಲೇ ಇಲ್ಲ. ಯಾಕಾದರೂ ರಿಪೇರಿ ಮಾಡಿದೆನೋ ಅಂತ ತಮ್ಮನಿಗೆ ಅನ್ನಿಸಿತು.

ಸ್ಪ್ಯಾನರ್ ತೆಗೆದುಕೊಂಡು, ತಾನೇ ಬಿಗಿದ ಹಿಂದಿನ ನಟ್ಟನ್ನು ಸ್ವಲ್ಪ ಸಡಿಲಿಸಿದ. ಲೇತು ಮೊದಲಿನ ಹಾಗೆ ಕಟಕಟ ಅನ್ನತೊಡಗಿತು. ತಾನು ಮಾಡಿದ ಹಿಡಿಯನ್ನೂ ಕೆಡಿಸಿಡಬೇಕಿತ್ತು, ಅದಕ್ಕೆ ಮನಸ್ಸು ಬರಲಿಲ್ಲ. ಉಳಿದವುಗಳ ರಾಶಿಯೊಳಗೆ ತೂರಿಸಿಬಿಟ್ಟ.

"ಹೌದಣ್ಣಾ, ಇನ್ನೂ ಇದೆ," ಅಂದ, ಅಣ್ಣ ಒಳಗೆ ಬಂದಾಗ. "ಹಿಂದಿನ ಬೇರಿಂಗೇ ಸರಿಯಿಲ್ಲ. ಬರೋ ವಾರ ನೋಡ್ತೀನಿ."

ಅಣ್ಣ ಲೇತಿನ ಮೇಲೆ ಅಂಗೈ ಇಟ್ಟ. "ಹೂಂ," ಅಂದ, ಅಷ್ಟೇ.

ಆ ವಾರ ತಮ್ಮನಿಗೆ ಕಾರ್ಖಾನೆಯಲ್ಲಿ ಕೆಲಸವೇ ಕೈಗೆ ಹತ್ತಲಿಲ್ಲ. ಕೆಟ್ಟಿಲ್ಲದ್ದನ್ನು ಮತ್ತೆ ಬಿಚ್ಚಿ, ಸರಿ ಮಾಡುವ ನಾಟಕವಾಡಬೇಕಲ್ಲ. ಎಷ್ಟು ವಾರ ಅಂತ ಆಡುವುದು? ಅಷ್ಟರಲ್ಲಿ ಅಂಗಡಿಯವರು ಇನ್ನೊಂದು ಪೆಟ್ಟಿಗೆಯನ್ನೂ ವಾಪಸ್ ಕಳಿಸಿದರೆ? ಯೋಚಿಸಿ ಯೋಚಿಸಿ ತಲೆ ಚಿಟ್ಟುಹಿಡಿಯಿತು. ರಜೆಯ ದಿನ ಕಾಲೆಳೆದುಕೊಂಡು ಶೆಡ್ಡಿಗೆ ಹೋದ.

ಲೇತು ಓಡುತ್ತಿತ್ತು. ಕಟಕಟ ಇರಲಿಲ್ಲ. ಅಣ್ಣ ಅದರ ಮುಂದಿರಲಿಲ್ಲ. ಕಿಟಕಿಯ ಹತ್ತಿರ ಸ್ಟೂಲು ಹಾಕಿಕೊಂಡು ಕೂತಿದ್ದ. ತಮ್ಮ ಲೇತು ನಿಲ್ಲಿಸಿ, ಬಗ್ಗಿ ಹಿಂದಿನ ನಟ್ಟನ್ನು ನೋಡಿದ. ಅದರ ಸುತ್ತಲೂ ಹೊಸ ಗೀರುಗಳು. ಬಿಗಿಯುವಾಗ ಸ್ಪ್ಯಾನರ್ ಎಷ್ಟು ಸಲ ಜಾರಿತ್ತೋ.

"ನಟ್ಟು ಸಡಿಲ ಇತ್ತು," ಅಂದ ಅಣ್ಣ. "ನೀನು ಬಿಗಿದ ನಟ್ಟು ತಾನಾಗಿ ಸಡಿಲ ಆಗಿದ್ದು ನಾನು ಇದುವರೆಗೂ ನೋಡಿಲ್ಲ."

ತಮ್ಮ ನಟ್ಟಿನ ಗೀರುಗಳ ಮೇಲೆ ಬೆರಳಾಡಿಸಿದ.

ಅಣ್ಣ ತೊಡೆಯ ಮೇಲಿದ್ದ ಹಿಡಿಯೊಂದನ್ನು ಎತ್ತಿ ತೋರಿಸಿದ. "ರಾಶೀಲಿ ಇದೊಂದಕ್ಕೆ ಮಾತ್ರ ಹತ್ತಿ ಹಿಡೀಲಿಲ್ಲ. ನಂದಲ್ಲ ಅಂತ ಗೊತ್ತಾಯ್ತು. ಪಾಪ, ಲೇತಿನ ಮೇಲೆ ಯಾಕೋ ಅಪವಾದ ಹೊರಿಸ್ತೀಯ? ನಾನು ಹೊರಿಸಿದ್ದೇ ಸಾಲದಾ?"

"ಅಣ್ಣಾ, ಡಾಕ್ಟರಿಗೆ..."

"ತೋರಿಸೋಣ. ನಾಳೆ ನಿಮ್ಮತ್ತಿಗೆ ಕರ್ಕೊಂಡು ಹೋಗ್ತಾಳೆ. ಈಗ ಅರ ಹಿಡಿ. ಈ ಪೆಟ್ಟಿಗೆ ಸಂಜೆಯೊಳಗೆ ಹೋಗ್ಬೇಕು."

ತಮ್ಮನಿಗೆ ತನ್ನ ಇನ್ನುಳಿದ ರಜೆಗಳೆಲ್ಲ ಕಣ್ಣ ಮುಂದೆ ಬಂದವು. ಒಂದು ಜೀವಮಾನಕ್ಕಾಗುವಷ್ಟು ನಿದ್ದೆ ಬಾಕಿಯಿತ್ತು. ಅರ ತೆಗೆದುಕೊಂಡ. ಮೊದಲ ಹಿಡಿ ಮುಗಿಸಿ ಅಣ್ಣನ ಕೈಗೆ ಕೊಟ್ಟ.

"ಹತ್ತಿ ನಾನು ನೋಡ್ತೀನಿ," ಅಂದ ಅಣ್ಣ. "ಇದಕ್ಕೆ ಕೈ ನಡುಗಿದ್ರೂ ನಡೆಯುತ್ತೆ." ನಡುಗುವ ಬೆರಳುಗಳಲ್ಲೇ ಉಂಡೆಯನ್ನು ಅಂಚಿನ ಸುತ್ತ ಎಳೆದ. ಒಂದು ಕಡೆ ಒಂದೇ ಒಂದು ಎಳೆ ಸಿಕ್ಕಿಕೊಂಡಿತು. ಹಿಡಿಯನ್ನು ತಮ್ಮನ ಕಡೆ ಚಾಚಿ, ಅರ ಹಿಡಿಯುವುದನ್ನು ಕಲಿಸುತ್ತಿದ್ದಾಗಿನ ಅದೇ ದನಿಯಲ್ಲಿ ಅಂದ.

"ಇಲ್ಲಿ ನೋಡು, ಮುಳ್ಳು ಉಳಿಸಿದ್ದೀಯ."